ಬೋಗುಣಿಗೆ ಬಿದ್ದ ಗಡಿ

ಆ ಚಿತ್ರವನ್ನು ಮನೆಗೆ ಹೊತ್ತು ತಂದವನು ಗೋರಾ. ಆಮೇಲೆ ಅವನು ತನ್ನದೇನೂ ತಪ್ಪಿಲ್ಲ ಅಂತ ನೂರು ಸಲ ಆಣೆ ಹಾಕಿದ. ಹಾಕಲಿ ಬಿಡಿ. ಗೋರಾನ ಆಣೆಯನ್ನು ನಮ್ಮ ಕಡಲತೀರದ ಊರು ರುಫಿಸ್ಕಿನಲ್ಲಿ ಮೀನಿಗೆ ಕಾದು ಕೂತ ಬೆಕ್ಕೂ ನಂಬುವುದಿಲ್ಲ.

ನಡೆದದ್ದು ಇಷ್ಟು. ಒಂದು ಶುಕ್ರವಾರ ನಮಾಜು ಮುಗಿಸಿ ಹೊರಗೆ ಬಂದ ಅವನ ಅಣ್ಣ ಮಸಾಂಬಾ ಗೇಯ್, ಚಪ್ಪಲಿ ಹುಡುಕಲು ಬಗ್ಗಿದವನು ಹಾಗೇ ಊರವರ ಚಪ್ಪಲಿಗಳ ಮೇಲೆ ಮಲಗಿಬಿಟ್ಟ. ನಲವತ್ತು ವರ್ಷ ಉಗ್ರಾಣದಲ್ಲಿ ಕಡಲೆಕಾಯಿ ಮೂಟೆ ತೂಗಿ ನಿವೃತ್ತನಾದ ಗಟ್ಟಿ ಆಳು. ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ನೋಡಿದರೆ, ಲೀಟರು ರಕ್ತಕ್ಕೆ ಒಂದು ಗ್ರಾಮಿನ ಆಸುಪಾಸು ಇರಬೇಕಾದ ಸಕ್ಕರೆ ಎರಡೂವರೆ ದಾಟಿ ಕೂತಿತ್ತು. ನರ್ಸು ಮಾತ್ರೆ ಕೊಟ್ಟು ಖಡಾಖಂಡಿತವಾಗಿ ಹೇಳಿದಳು: "ಮೂವತ್ತು ದಿನ ಟೈಮ್ ಕೊಡ್ತೀನಿ ಅಜ್ಜ. ಒಂದೂವರೆಗೆ ಇಳೀಬೇಕು. ಇಳೀಲಿಲ್ವೋ, ದಿನಾ ಹೊಟ್ಟೆಗೆ ಸೂಜಿ."

ಸೂಜಿ ಅನ್ನುವುದು ಆ ಮನೆಯಲ್ಲಿ ಸಾಮಾನ್ಯ ಮಾತಲ್ಲ. ಅವರ ದೊಡ್ಡಣ್ಣ ಬಿರಾಮನಿಗೆ ಮೊದಲು ಸೂಜಿ ಬಂತು, ಆಮೇಲೆ ಒಂದು ಕಾಲು ಹೋಯಿತು, ಆಮೇಲೆ ಅವನೇ ಹೋದ. ಸೂಜಿಯಿಂದ ಹೋದನೆಂದು ನರ್ಸುಗಳು ಒಪ್ಪುವುದಿಲ್ಲ, ಸೂಜಿ ತೀರಾ ತಡವಾಗಿ ಬಂತು ಅನ್ನುತ್ತಾರೆ. ಆದರೆ ಕೊನೆಯ ಮೂರು ತಿಂಗಳು ಬಿರಾಮನ ಬಾಯಿಗೆ ಗಂಜಿ ಹಾಕಿದವಳು ಮಸಾಂಬಾನ ಹೆಂಡತಿ ಯಾಂದೆ. ಅವಳಿಗೆ ಗೊತ್ತಿದ್ದದ್ದು ಮೂರೇ ಹೆಜ್ಜೆ: ಸೂಜಿ, ಕಾಲು, ಗುಂಡಿ. ಗಂಡ ಮಾತ್ರೆಯ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತು ನರ್ಸಿನ ಮಾತು ಹೇಳಿದ. ಅವಳು ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಮೂವತ್ತನೆಯ ದಿನಕ್ಕೆ ಇದ್ದಿಲಿನಿಂದ ಸುತ್ತು ಹಾಕಿದಳು.

ಆರೋಗ್ಯ ಕೇಂದ್ರದ ಜಗುಲಿಯಲ್ಲಿ ಪ್ರತಿ ಮಂಗಳವಾರ ಮದಾಮ್ ಸಾನ್ಯಾ ಎಂಬ ಹೆಂಗಸು ಊಟದ ಪಾಠ ಹೇಳುತ್ತಾಳೆ. "ಊಟ ಅಂದ್ರೆ ಬರೀ ಹೊಟ್ಟೆಗಲ್ಲ, ಇಡೀ ಮನುಷ್ಯನಿಗೆ. ನಿದ್ದೆ, ನಗು, ನಡಿಗೆ, ಮನಸ್ಸು ಎಲ್ಲ ಒಂದೇ ಒಲೆ ಮೇಲೆ ಬೇಯೋದು" ಅನ್ನುವುದು ಅವಳ ಪಲ್ಲವಿ. ಒಳ್ಳೆಯ ಹೆಂಗಸು. ಪಾಠದ ಕೊನೆಗೆ ಸಜ್ಜೆ ಗಂಜಿ ಬೇರೆ ಕೊಡುತ್ತಾಳೆ. ಆ ಗಂಜಿಯ ವಾಸನೆ ಹಿಡಿದೇ ಗೋರಾ ಅಣ್ಣನಿಗೆ ಆಸರೆಯಾಗಿ ಹೊರಟದ್ದು. ಯಾಂದೆಗೂ ಹೋಗಬೇಕೆಂಬ ಆಸೆ ಇತ್ತು. ಅವಳು ಹೋದರೆ ಒಂಬತ್ತು ಜನಕ್ಕೆ ಮಧ್ಯಾಹ್ನದ ಅಡುಗೆ ಯಾರಪ್ಪ ಮಾಡುವುದು?

ಹೋದವರು ಒಂದು ಕಾಗದ ತಂದರು. ಅದರಲ್ಲೊಂದು ದುಂಡನೆಯ ಚಿತ್ರ. ಅರ್ಧ ಭಾಗಕ್ಕೆ ಹಸಿರು ಬಣ್ಣ, ಅದರಲ್ಲಿ ತರಕಾರಿ. ಉಳಿದರ್ಧದಲ್ಲಿ ಒಂದು ಪಾಲು ಬಿಳಿ, ಅಲ್ಲಿ ಅನ್ನ. ಇನ್ನೊಂದು ಪಾಲು ಕಂದು, ಅಲ್ಲಿ ಮೀನು.

"ಹೀಗೆ ಉಂಡ್ರೆ ಸಕ್ಕರೆ ಇಳಿಯುತ್ತಂತೆ ಅತ್ತಿಗೆ," ಎಂದ ಗೋರಾ, ಗಂಜಿ ಅಂಟಿದ ಗಡ್ಡ ಒರೆಸಿಕೊಳ್ಳುತ್ತ. "ಅರ್ಧ ತರಕಾರಿ, ಕಾಲು ಅನ್ನ, ಕಾಲು ಮೀನು. ಒಂದಕ್ಕೊಂದು ಬೆರೆಸಬಾರದು."

"ಅಷ್ಟೇನಾ?"

"ಅಷ್ಟೇ. ಚಿತ್ರ ನೋಡಿ, ಮಕ್ಕಳಿಗೂ ಅರ್ಥ ಆಗುತ್ತೆ."

ಯಾಂದೆ ಚಿತ್ರ ನೋಡಿದಳು. ದುಂಡಗಿತ್ತು, ಸುತ್ತ ಅಂಚಿತ್ತು, ಒಳಗೆ ಊಟ ಇತ್ತು. ಅವಳ ಮನೆಯಲ್ಲಿ ದುಂಡಗಿದ್ದು ಅಂಚಿದ್ದು ಊಟ ಹಿಡಿಯುವಂಥ ಪಾತ್ರೆ ಒಂದೇ: ಮದುವೆಯಲ್ಲಿ ಅವಳ ಅಮ್ಮ ಕೊಟ್ಟ, ನೀಲಿ ಹೂವಿನ, ಇಬ್ಬರು ಎತ್ತಬೇಕಾದ ಬೋಗುಣಿ. ಒಂಬತ್ತು ಜನವೂ ಚಾಪೆಯ ಮೇಲೆ ಅದರ ಸುತ್ತ ಕೂತು ಉಣ್ಣುವುದು. ಬೇರೆ ಹೇಗೆ ಉಣ್ಣುತ್ತಾರೆ? ಹಾಗಾಗಿ ಚಿತ್ರ ಬೋಗುಣಿಯದೇ ಎಂಬುದರಲ್ಲಿ ಯಾರಿಗೂ ಎಳ್ಳಷ್ಟೂ ಸಂಶಯ ಬರಲಿಲ್ಲ. ನನಗೂ ಬರುತ್ತಿರಲಿಲ್ಲ.

ಮರುದಿನ ಯಾಂದೆ ಎಂದಿನಂತೆ ಟೊಮೆಟೊ ಸಾರಿನ ಕೆಂಪನ್ನ ಮಾಡಿದಳು, ಚೋಫ್ ಮೀನು ಬೇಯಿಸಿದಳು. ಎಂದಿನಂತೆ ಅನ್ನ ಹರಡಿ ನಡುವೆ ಮೀನು, ತರಕಾರಿ ಇಡಲಿಲ್ಲ. ಗೋಡೆಗೆ ಚಿತ್ರ ಅಂಟಿಸಿಕೊಂಡು, ಬೋಗುಣಿಯ ಅರ್ಧಕ್ಕೆ ಎಲೆಕೋಸು, ಮರಗೆಣಸು, ಜಖಾತು ಎಂಬ ಕಹಿಬದನೆ ಪೇರಿಸಿದಳು. ಕಾಲು ಭಾಗಕ್ಕೆ ಅನ್ನ, ಇನ್ನೊಂದು ಕಾಲು ಭಾಗಕ್ಕೆ ಮೀನು. ಒಂದು ಇನ್ನೊಂದಕ್ಕೆ ತಾಗದಿರಲೆಂದು ನಡುವೆ ಗಜ್ಜರಿಗಳನ್ನು ಉದ್ದುದ್ದ ಮಲಗಿಸಿ ಬೇಲಿ ಹಾಕಿದಳು. ನೋಡಲು ಚೆಂದವಿತ್ತು. ಸೊಸೆ ಮಗೆತ್ ಮೊಬೈಲಿನಲ್ಲಿ ಫೋಟೋ ಕೂಡ ತೆಗೆದಳು.

ಕೂತ ಮೇಲೆ ಗೊತ್ತಾಯಿತು ಎಡವಟ್ಟು. ನಮ್ಮಲ್ಲಿ ಬೋಗುಣಿಗೆ ಕೈ ಹಾಕಿದವರು ತಮ್ಮ ಮುಂದಿರುವುದನ್ನು ಮಾತ್ರ ತಿನ್ನಬೇಕು. ಪಕ್ಕದವರ ಮುಂದಕ್ಕೆ ಬೆರಳು ಹೋದರೆ ಬೆರಳಿಗೆ ಏಟು. ಇದನ್ನು ಮಗು ಮಾತಿಗಿಂತ ಮೊದಲು ಕಲಿಯುತ್ತದೆ. ನಡುವಿನ ಮೀನು, ತರಕಾರಿ ಮುರಿದು ಒಬ್ಬೊಬ್ಬರ ಮುಂದಕ್ಕೆ ಎಸೆಯುವ ಅಧಿಕಾರ ಒಬ್ಬಳಿಗೇ, ಮನೆಯೊಡತಿಗೆ. ಈಗ ನಡುವೆ ಇದ್ದದ್ದು ಬರೀ ಬೇಲಿ. ಬೆರೆಸಬಾರದೆಂದ ಮೇಲೆ ಎಸೆಯುವುದೇನನ್ನು? ಮೂವತ್ತನಾಲ್ಕು ವರ್ಷ ಮೀನು ಮುರಿದ ಯಾಂದೆಯ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

ಇಷ್ಟರಲ್ಲಿ ಗೋರಾ ಮೀನಿನ ಎದುರು ಚಕ್ಕಳಮಕ್ಕಳ ಹಾಕಿ ಆಗಿತ್ತು. "ಇಲ್ಲಿ ಗೋಡೆ ಇದೆ, ಒರಗಿಕೊಂಡ್ರೆ ಬೆನ್ನಿಗೆ ಹಿತ," ಎಂದ ಆ ಪುಣ್ಯಾತ್ಮ. ಅವನ ಪಕ್ಕ ಮೀನಿಗೆ ಕೂತವರು ಬಾಡಿಗೆಗಿದ್ದ ಕುರಾನು ಮೇಷ್ಟ್ರು, ಕಣ್ಣು ಮಂಜು, ಎಲ್ಲಿ ಕೂತಿದ್ದೇನೆಂದು ಅವರಿಗೇ ಗೊತ್ತಿಲ್ಲ. ಅನ್ನಕ್ಕೆ ಮಗೆತ್ ಮತ್ತು ಅವಳ ಕಿರಿಮಗಳು. ತರಕಾರಿಗೆ ಇನ್ನಿಬ್ಬರು ಮೊಮ್ಮಕ್ಕಳು, ಪಕ್ಕದ ಮನೆಯ ಮದಿಕೆ ಸೆಕ್, ಮತ್ತು ಮಸಾಂಬಾ. ಮಸಾಂಬಾ ಜಾಗ ಬದಲಿಸಲಿಲ್ಲ. ಬಾಗಿಲಿಗೆ ಮುಖ ಮಾಡಿ ತಾನು ಎಂದೂ ಕೂರುವ ಜಾಗದಲ್ಲೇ ಕೂತ. ಅವನ ಹಣೆಬರಹಕ್ಕೆ ಅಲ್ಲಿ ಜಖಾತು ಗುಡ್ಡೆ ಬಿದ್ದಿತ್ತು. ಯಾಂದೆ ಮಾತ್ರ ಬೇಲಿಗಳು ಕೂಡುವ ಮೂಲೆಯಲ್ಲಿ, ಗಜ್ಜರಿಯ ಎದುರು.

"ಇದೇನೋ ಗೇಯ್!" ಮದಿಕೆ ಕೂಗಿದ. "ನಿಮ್ಮ ವಂಶದ ಹೊಟ್ಟೆಗೆ ತಳ ಇಲ್ಲ ಅಂತ ಗೊತ್ತಿತ್ತು. ಅದಕ್ಕೆ ಹುಲ್ಲು ತುಂಬಿಸ್ತಾರೆ ಅಂತ ಗೊತ್ತಿರ್ಲಿಲ್ಲ."

ಮದಿಕೆ ದಿನಾ ಬೋಗುಣಿ ಇಳಿಯುವ ಹೊತ್ತಿಗೆ ಸರಿಯಾಗಿ 'ಉಪ್ಪು ಇದ್ಯಾ?' ಎಂದು ಕೇಳಿಕೊಂಡು ಬಂದು ಉಂಡು ಹೋಗುವವನು. ಗೇಯ್‌ಗಳಿಗೂ ಸೆಕ್‌ಗಳಿಗೂ ಮುತ್ತಜ್ಜನ ಕಾಲದಿಂದ ಒಬ್ಬರನ್ನೊಬ್ಬರು ಬೈಯುವ ಹಕ್ಕಿದೆ; ಕೋಪ ಮಾಡಿಕೊಂಡವನಿಗೇ ನಾಚಿಕೆಗೇಡು.

"ಮುಚ್ಕೊಂಡು ತಿನ್ನೋ ಸೆಕ್," ಎಂದ ಮಸಾಂಬಾ. "ಕರೆಯದೆ ಬಂದ ಹೊಟ್ಟೆಬಾಕ ನೀನು."

ಬೈಗುಳದಲ್ಲಿ ಜೋರಿರಲಿಲ್ಲ. ಅವನು ಒಂದು ಜಖಾತು ಬಾಯಿಗಿಟ್ಟ. ಅವನ ಮುಖ ಹಿಂಡಿದ ನಿಂಬೆಹೋಳಿನಂತಾಯಿತು. ಯಾಂದೆ ಅದನ್ನು ನೋಡಿದಳು, ಮತ್ತೆ ಕ್ಯಾಲೆಂಡರಿನ ಕಪ್ಪು ಸುತ್ತನ್ನು ನೋಡಿದಳು. ಕಾಲು ಉಳಿಯಬೇಕಲ್ಲ.

ಎರಡನೆಯ ದಿನವೇ ಜಗಳ ಹತ್ತಿತು. ಅನ್ನದ ಕಡೆಯ ಎಣ್ಣೆ, ಸಾರು ಹರಿದು ಬೇಲಿಯಡಿ ನುಸುಳಿ ಎಲೆಕೋಸಿಗೆ ಸೇರಿತು. ಎಲೆಕೋಸಿನ ಕಡೆಯವರು ಹಿಗ್ಗಿದರು. ಸಾರು ಒಣಗಿಹೋದ ಮಗೆತ್ ಮುಖ ಊದಿಸಿಕೊಂಡಳು. "ನಮ್ಮ ಸಾರು ನಮಗೇ ಇಲ್ಲ ಅಂದ್ರೆ ಹೇಗೆ ಅತ್ತೆ? ಬರೀ ಅನ್ನ ಗಂಟಲಲ್ಲಿ ಇಳಿಯುತ್ತಾ?" ಮೂರನೆಯ ದಿನ ಮೊಮ್ಮಗ ಗಡಿಯ ಗಜ್ಜರಿಯನ್ನೇ ತಿಂದುಬಿಟ್ಟ. ಗಡಿ ಹೋದ ಜಾಗದಲ್ಲಿ ಮೀನಿನ ಬಾಲ ತರಕಾರಿ ಸೀಮೆಗೆ ಜಾರಿತು. ಮದಿಕೆ ಅದರ ಮೇಲೆ ಕೈಯಿಟ್ಟ. ಗೋರಾ ಮದಿಕೆಯ ಕೈ ಮೇಲೆ ಕೈಯಿಟ್ಟ. ಬೋಗುಣಿಯೊಳಗೇ ಇಬ್ಬರು ಗಂಡಸರು ಪಂಜ ಹಿಡಿದು ಕೂತರು, ಮೀನು ಕೆಳಗೆ ನುಚ್ಚಾಯಿತು.

ಕೊನೆಗೆ ಕೇರಿಯ ಯಜಮಾನನನ್ನೇ ಕರೆಸಬೇಕಾಯಿತು. ಮನೆ, ಹಿತ್ತಿಲುಗಳ ಗಡಿ ತಕರಾರು ಬಿಡಿಸುವುದರಲ್ಲಿ ಎತ್ತಿದ ಕೈ ಆತನದು. ಹುರಿ, ಗೂಟ, ಸುಣ್ಣದ ಡಬ್ಬಿ ಹಿಡಿದು ಬಂದ. ಊಟದ ಹೊತ್ತಿಗೇ ಬಂದ. ಕನ್ನಡಕ ಏರಿಸಿ ಬೋಗುಣಿಯ ಅಂಚಿನಿಂದ ಅಂಚಿಗೆ ಹುರಿ ಎಳೆದ, ಗೋಡೆಯ ಚಿತ್ರ ನೋಡಿದ, ಮತ್ತೆ ಎಳೆದ. ಸುಣ್ಣ ಹಾಕುವುದನ್ನು ಯಾಂದೆ ತಡೆದಳು.

"ಮೀನಿನವರು ತರಕಾರಿ ಜಾಗ ಎರಡು ಬೆರಳು ಒತ್ತುವರಿ ಮಾಡಿದ್ದಾರೆ," ಎಂದು ಅಪ್ಪಣೆಯಾಯಿತು. "ಬಿಟ್ಟುಕೊಡಬೇಕು. ಇನ್ನು ಸಾರು. ಸಾರು ಅಂದ್ರೆ ಮಳೆ ನೀರಿದ್ದ ಹಾಗೆ. ಇಳಿಜಾರಿದ್ದ ಕಡೆ ಹರಿಯುತ್ತೆ. ಅದಕ್ಕೆ ಯಾರೂ ತಕರಾರು ತೆಗೆಯೋ ಹಾಗಿಲ್ಲ."

"ಹಾಗಾದ್ರೆ ಬೋಗುಣಿ ಕೆಳಗೆ ಒಂದು ಕಡ್ಡಿ ಇಟ್ಟು ನಮ್ಮ ಕಡೆ ಓರೆ ಮಾಡ್ಕೋಬಹುದಾ?" ಎಂದು ಕೇಳಿದಳು ಮಗೆತ್.

"ಅದು ಅಣೆಕಟ್ಟಿನ ಪ್ರಶ್ನೆ. ನನ್ನ ವ್ಯಾಪ್ತಿಗೆ ಬರೋದಿಲ್ಲ ಮಗಳೇ," ಎಂದು ಯಜಮಾನ ಮೀನಿನ ಕಡೆ ಕೂತು ಗಡದ್ದಾಗಿ ಉಂಡ.

ಸುದ್ದಿ ಕೇರಿಯೆಲ್ಲ ಹಬ್ಬಿತು. ಗೇಯ್ ಮನೆಯ ಬೋಗುಣಿಯಲ್ಲಿ ಔಷಧಿ ಇದೆಯಂತೆ, ರೋಗಕ್ಕೊಂದು ದಿಕ್ಕಂತೆ! ಆರನೆಯ ದಿನ ಮದಿಕೆ ತನ್ನ ಅತ್ತೆಯನ್ನು ಎಬ್ಬಿಸಿಕೊಂಡು ಬಂದ. "ನಾಲ್ಕು ದಿನದಿಂದ ಹಿತ್ತಿಲ ಕಡೆ ಹೋಗಿಲ್ಲ ಯಾಂದೆ ಅಕ್ಕ. ನಿನ್ನ ಎಲೆಕೋಸಿನ ಪಕ್ಕ ಒಂದು ಗೇಣು ಜಾಗ ಕೊಡು, ಪುಣ್ಯ ಬರುತ್ತೆ." ಊಟದ ಹೊತ್ತಿಗೆ ಹೊಸ್ತಿಲು ತುಳಿದವರನ್ನು 'ಬನ್ನಿ, ಉಣ್ಣಿ' ಅನ್ನದೆ ಕಳಿಸಿದ ಹೆಂಗಸು ನಮ್ಮೂರಲ್ಲಿ ತಲೆಯೆತ್ತಿ ನಡೆಯಲಾರಳು. ಯಾಂದೆ ಬನ್ನಿ ಎಂದಳು. ಏಳನೆಯ ದಿನ ರಕ್ತ ಕಡಿಮೆ ಎಂದು ಟೈಲರನ ಮಗಳು ಮೀನಿನ ಕಡೆಗೆ ಬಂದಳು. ಎಂಟನೆಯ ದಿನ ಕೇರಿಯ ಪೈಲ್ವಾನ ಬಂದ. ಮುಂದಿನ ತಿಂಗಳು ಕುಸ್ತಿ ಇತ್ತಂತೆ. ಸೊಂಟಕ್ಕೆ, ತೋಳಿಗೆ, ಮಂಡಿಗೆ ತಾಯತ ಕಟ್ಟಿಕೊಂಡು, ಗೋರಾನನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು ಮೀನಿನ ಎದುರು ಕೂತ. ಗೋರಾ ಬಾಯಿ ತೆರೆದ. ಪೈಲ್ವಾನ ಅವನತ್ತ ನೋಡಿದ. ಗೋರಾ ಬಾಯಿ ಮುಚ್ಚಿಕೊಂಡು ಹೋಗಿ ಅನ್ನಕ್ಕೆ ಕೂತ.

ಹನ್ನೆರಡು ಜನ ಒಬ್ಬರ ಮೊಣಕೈ ಒಬ್ಬರ ಪಕ್ಕೆಗೆ ತಿವಿದುಕೊಂಡು ಉಣ್ಣುತ್ತಿದ್ದರು. ಈ ಗದ್ದಲದಲ್ಲಿ ಯಾರ ಸಲುವಾಗಿ ಇದೆಲ್ಲ ಶುರುವಾಯಿತೋ ಆ ಮಸಾಂಬಾ ಒಂದು ಭುಜ ಮುಂದೆ, ಒಂದು ಭುಜ ಹಿಂದೆ ಮಾಡಿ ಓರೆಯಾಗಿ ಕೂತು, ಕಹಿಬದನೆ ಅಗಿಯುತ್ತಿದ್ದ. ಯಾರೂ ಅವನ ಮುಂದಕ್ಕೆ ಏನನ್ನೂ ಎಸೆಯುತ್ತಿರಲಿಲ್ಲ. ಹತ್ತನೆಯ ದಿನ ಅವನು ಬಿಸ್ಮಿಲ್ಲಾ ಎನ್ನುವ ಮೊದಲೇ ಎದ್ದ.

"ನನ್ನ ಹೊಟ್ಟೆ ತುಂಬಿದೆ," ಎಂದು ಟೋಪಿ ಹಾಕಿಕೊಂಡು ಹೊರಟ.

"ಇನ್ನೂ ಕೈಯೇ ಹಾಕಿಲ್ವಲ್ಲ, ಎಲ್ಲಿಗೆ?"

"ಗಾಳಿಗೆ."

ಮದುವೆಯಾದಾಗಿನಿಂದ ಊಟದ ಹೊತ್ತಿಗೆ ಆ ಮನುಷ್ಯ ಬೋಗುಣಿ ಬಿಟ್ಟು ಹೋದವನಲ್ಲ. ಮರುದಿನವೂ ಗಾಳಿಗೆ ಹೋದ. ಅದರ ಮರುದಿನವೂ. ಬಾಗಿಲಿಗೆದುರಾದ ಅವನ ಜಾಗವನ್ನು ಮದಿಕೆಯ ಅತ್ತೆ ಮೆಲ್ಲಗೆ ಸರಿದು ಸರಿದು ಆಕ್ರಮಿಸಿಕೊಂಡಳು. ಆಕೆಗೆ ಹಿತ್ತಿಲ ತೊಂದರೆ ಎಂದೋ ವಾಸಿಯಾಗಿತ್ತು, ಬರುವುದು ಮಾತ್ರ ನಿಂತಿರಲಿಲ್ಲ.

ಹದಿನಾರನೆಯ ದಿನ ಗಂಡನ ನಿಲುವಂಗಿ ಒಗೆಯಲು ತೆಗೆದ ಯಾಂದೆಗೆ ತೋಳಿನಲ್ಲಿ ಕಂದು ಕಲೆ ಕಂಡಿತು. ಮೂಸಿ ನೋಡಿದಳು. ಚಾಕೊಲೇಟು! ಅಂಗಿಯನ್ನು ನೀರಿಗೆ ಬಿಟ್ಟು, ಉಟ್ಟ ಬಟ್ಟೆಗೆ ಕೈ ಒರೆಸಿಕೊಂಡು ನೆಟ್ಟಗೆ ನಡೆದಳು. ಬೇವಿನ ಮರದ ಕೆಳಗಿನ ಬ್ರೆಡ್ಡಂಗಡಿಯಲ್ಲಿ, ಬೆಂಚಿನ ತುದಿಯಲ್ಲಿ, ರಸ್ತೆಗೆ ಬೆನ್ನು ಹಾಕಿ ಕೂತಿದ್ದ ಅವಳ ಗಂಡ. ಕೈಯಲ್ಲಿ ಮೊಳದುದ್ದದ ಬ್ರೆಡ್ಡು, ತುಂಬ ಚಾಕೊಲೇಟು. ಮುಂದೆ ಡಬ್ಬಿ ಹಾಲು ಸುರಿದ ಕಾಫಿ. ಚಮಚ ನೆಟ್ಟರೆ ನಿಲ್ಲುವಷ್ಟು ದಪ್ಪ.

ಅವಳು ಕೂಗಾಡಲಿಲ್ಲ. ಅರವತ್ತೈದು ವರ್ಷದ ಗಂಡಸು ಒಬ್ಬನೇ ಕೂತು ತಿನ್ನುವುದನ್ನು ಅವಳು ಎಂದೂ ನೋಡಿರಲಿಲ್ಲ, ಅದೂ ಅಷ್ಟು ಅವಸರದಲ್ಲಿ, ಕದ್ದವನ ಹಾಗೆ. ಅಲ್ಲಿಂದಲೇ ತಿರುಗಿ ಆರೋಗ್ಯ ಕೇಂದ್ರಕ್ಕೆ ಹೋಗಿ ಮದಾಮ್ ಸಾನ್ಯಾಳ ಕೈ ಹಿಡಿದುಕೊಂಡಳು. "ನನ್ನ ಗಂಡನ್ನ ಉಳಿಸಿಕೊಡಿ ತಾಯಿ. ನಿಮ್ಮ ಚಿತ್ರ ಒಂದು ಕೂದಲೂ ಆಚೀಚೆ ಆಗದ ಹಾಗೆ ಮಾಡ್ತಿದ್ದೀನಿ. ಆದ್ರೂ ಕೈ ಮೀರ್ತಾ ಇದೆ."

ಮರುದಿನ ಮದಾಮ್ ಸಾನ್ಯಾ ಬೆರಳು ಚುಚ್ಚುವ ಯಂತ್ರ ಹಿಡಿದು ಬಂದಳು. ಮಸಾಂಬಾ ಗಾಳಿಗೆ ಹೋಗುವ ಮೊದಲೇ ಹಿಡಿದು ಚುಚ್ಚಿದಳು. ಎರಡು ಎಪ್ಪತ್ತು. ಇಳಿಯುವ ಬದಲು ಏರಿತ್ತು.

ಅಷ್ಟರಲ್ಲಿ ಬೋಗುಣಿ ಬಂತು. ಗಜ್ಜರಿ ಬೇಲಿ ಬಂತು. ಪೈಲ್ವಾನ, ಟೈಲರನ ಮಗಳು, ಯಾರದೋ ಅತ್ತೆ ಎಲ್ಲರೂ ಬಂದು ತಮ್ಮ ತಮ್ಮ ರೋಗದ ಎದುರು ಕೂತರು. ಮದಾಮ್ ಸಾನ್ಯಾ ಬೋಗುಣಿ ನೋಡಿದಳು, ಗೋಡೆಯ ಚಿತ್ರ ನೋಡಿದಳು, ಮತ್ತೆ ಬೋಗುಣಿ ನೋಡಿದಳು.

"ಅಲ್ಲಾ!" ಎಂದಳು. "ಅಮ್ಮಾ, ಚಿತ್ರದಲ್ಲಿರೋದು ಒಬ್ಬರ ತಟ್ಟೆ! ಒಬ್ಬೊಬ್ಬರಿಗೂ ಹೀಗೆ ಒಂದೊಂದು!"

"ಒಬ್ಬರ ತಟ್ಟೆ?" ಯಾಂದೆ ಕೇಳಿದಳು. "ಒಬ್ಬರಿಗೇ ಒಂದು ತಟ್ಟೆ ಯಾಕೆ? ಉಳಿದೋರು ಏನು ತಪ್ಪು ಮಾಡಿದ್ರು?"

ಮದಾಮ್ ಸಾನ್ಯಾಳಿಗೆ ನಗು ತಡೆಯಲಾಗಲಿಲ್ಲ, ಪಾಪ, ತಡೆಯಲು ಕೆನ್ನೆ ಕಚ್ಚಿಕೊಂಡಳು. ಆಮೇಲೆ ತಾಳ್ಮೆಯಿಂದ ಬಿಡಿಸಿ ಹೇಳಿದಳು; ಮರಗೆಣಸು ತರಕಾರಿಯಲ್ಲ, ಅನ್ನದ ಪಾಲಿಗೇ ಸೇರಿದ್ದು ಎಂಬುದನ್ನೂ ಹೇಳಿದಳು. ಕಣ್ಣುಗಳೆಲ್ಲ ಗೋರಾನತ್ತ ತಿರುಗಿದವು. ಗೋರಾ ಚಾಪೆಯ ಎಳೆ ಎಣಿಸುತ್ತಿದ್ದ.

ಸರಿ, ತಟ್ಟೆ ಅಂದರೆ ತಟ್ಟೆ. ಮದುವೆಗಳಿಗೆ ಪಾತ್ರೆ ಕೊಡುವ ಹೆಂಗಸರ ಸಂಘದಿಂದ ಹದಿನೆಂಟನೆಯ ದಿನ ಒಂಬತ್ತು ತಟ್ಟೆ ಬಂದವು. ಯಾಂದೆ ಒಂದೊಂದರಲ್ಲೂ ಅರ್ಧ, ಕಾಲು, ಕಾಲು ಹಚ್ಚಿ ಇಟ್ಟಳು. ಇನ್ನು ಬೋಗುಣಿಯ ಸುತ್ತ ಕೂರುವ ಅಗತ್ಯವೇ ಇರಲಿಲ್ಲ. ಗೋರಾ ತನ್ನದನ್ನು ಎತ್ತಿಕೊಂಡು ಮಾಳಿಗೆ ಹತ್ತಿದ. ಮಗೆತ್ ಫೋನು ನೋಡುತ್ತ ಕೋಣೆ ಸೇರಿದಳು. ಮಕ್ಕಳು ಟಿವಿ ಮುಂದೆ ಹೋಗಿ ತರಕಾರಿಯನ್ನು ಸೋಫಾದಡಿ ತಳ್ಳಿದರು. ಮೇಷ್ಟ್ರು ತಟ್ಟೆ ಎಲ್ಲಿದೆಯೆಂದು ತಡಕುತ್ತ ನೆಲ ಉಣ್ಣುತ್ತಿದ್ದರು. ಬಾಗಿಲಲ್ಲಿ ಮದಿಕೆ ನಿಂತ.

"ಉಪ್ಪು ಇದ್ಯಾ?"

ಬನ್ನಿ, ಉಣ್ಣಿ ಎನ್ನಲು ಯಾಂದೆ ಬಾಯಿ ತೆರೆದಳು. ಎಲ್ಲಿಗೆ ಬಾ ಎನ್ನುವುದು? ಯಾರ ತಟ್ಟೆಗೆ? ಅವನಿಗಿಟ್ಟ ತಟ್ಟೆ ಪೈಲ್ವಾನನ ಮಡಿಲಲ್ಲಿತ್ತು. ಜೀವಮಾನದಲ್ಲಿ ಮೊದಲ ಸಲ ಅವಳು ಹೊಸ್ತಿಲಲ್ಲಿ ನಿಂತವನಿಗೆ ನಿಜವಾಗಿಯೂ ಉಪ್ಪು ತಂದುಕೊಟ್ಟಳು. ಮದಿಕೆ ಕೈಯಲ್ಲಿದ್ದ ಉಪ್ಪನ್ನು ನೋಡಿದ. ಅವಳ ಮುಖ ನೋಡಿದ. ಉಪ್ಪು ಹಿಡಿದುಕೊಂಡೇ ಹೊರಟುಹೋದ. ಯಾಂದೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಸಾಂಬಾ ತಟ್ಟೆಯನ್ನು ಮಂಡಿಯ ಮೇಲಿಟ್ಟುಕೊಂಡು ಅಂಗಳದಲ್ಲಿ ಒಬ್ಬನೇ ಕೂತಿದ್ದ. ಆಮೇಲೆ ತಟ್ಟೆಯನ್ನು ನೆಲದ ಮೇಲಿಟ್ಟ.

"ಯಾಂದೆ," ಎಂದ. "ಸತ್ತ ಮೇಲೆ ಹೇಗೂ ನನ್ನೊಬ್ಬನನ್ನೇ ಗುಂಡಿಗೆ ಇಳಿಸ್ತೀರಿ. ಅಲ್ಲೀವರೆಗೆ ಒಬ್ಬನೇ ಉಣ್ಣೋದು ನನ್ನ ಕೈಲಾಗಲ್ಲ. ಸೂಜಿ ಬರೋದಾದ್ರೆ ಬರ್ಲಿ."

ಟೋಪಿ ಹಾಕಿಕೊಂಡು ಬ್ರೆಡ್ಡಂಗಡಿಯ ದಾರಿ ಹಿಡಿದ. ಗಾಳಿಗೆ ಎಂದು ಸುಳ್ಳು ಕೂಡ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಯಾಂದೆ ಒಲೆ ಮುಂದೆ ಈರುಳ್ಳಿ ಹೆಚ್ಚುತ್ತ ಕೂತಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಈರುಳ್ಳಿ ಹೆಚ್ಚಿ ಮುಗಿದ ಮೇಲೂ ಸುರಿಯುತ್ತಿತ್ತು. ತನ್ನ ಬಲಗೈಯನ್ನು ನೋಡಿಕೊಂಡಳು. ಈ ಕೈ ಮೂವತ್ತನಾಲ್ಕು ವರ್ಷ ಆ ಮನುಷ್ಯನ ಮುಂದಕ್ಕೆ ಏನೇನು ಎಸೆದಿತ್ತು? ತಳ ಹಿಡಿದ ಗರಿಗರಿ ಅನ್ನ, ಎಣ್ಣೆ ಜಿನುಗುವುದು. ಮೀನಿನ ಕೊಬ್ಬು. ತನ್ನ ಮುಂದಿನ ಸಾರು ನೆನೆದ ಅನ್ನವನ್ನೂ ತಳ್ಳಿ ತಳ್ಳಿ ಅವನ ಕಡೆಗೆ. ನಿಮ್ಮ ಮೇಲೆ ನನಗೆ ಜೀವ ಎಂದು ಅವಳು ಬಾಯಿಬಿಟ್ಟು ಹೇಳಿದವಳಲ್ಲ. ಹೇಳುವ ಅಗತ್ಯ ಏನಿತ್ತು, ದಿನಾ ಮಧ್ಯಾಹ್ನ ಎಸೆಯುತ್ತಿದ್ದಳಲ್ಲ! ಅವನು ಅಷ್ಟನ್ನೂ ಉಂಡ. ಮನೆಯೊಡತಿ ಮುಂದೆ ಹಾಕಿದ್ದನ್ನು ಹಿಂದಕ್ಕೆ ತಳ್ಳಿದ ಗಂಡಸು ನಮ್ಮೂರಲ್ಲಿ ಹುಟ್ಟಿಲ್ಲ. ಹಾಕಿದ್ದೆಲ್ಲ ಹೋಗಿ ರಕ್ತದಲ್ಲಿ ಸಕ್ಕರೆಯಾಗಿ ಕೂತಿತ್ತು.

"ನನ್ನ ಕೈಯೇ," ಎಂದಳು ಗಟ್ಟಿಯಾಗಿ. "ನನ್ನ ಕೈಯೇ ಅವರ ಕಾಲು ತಿಂತಿತ್ತು."

ಅತ್ತು ಮುಗಿದ ಮೇಲೆ ಅವಳಿಗೆ ಇನ್ನೊಂದು ಹೊಳೆಯಿತು. ಹಾಕಿದ್ದನ್ನೆಲ್ಲ ಉಣ್ಣುವ ಗಂಡಸು! ಮೂಗು ಒರೆಸಿಕೊಂಡು ಎದ್ದು, ತಟ್ಟೆಗಳನ್ನು ಸಂಘಕ್ಕೆ ವಾಪಸು ಕಳಿಸಿದಳು. ಗೋಡೆಯ ಚಿತ್ರ ಕಿತ್ತು ಒಲೆಗೆ ಹಾಕಲಿಲ್ಲ, ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಂತೆಯಿಂದ ಎರಡರಷ್ಟು ತರಕಾರಿ ತಂದಳು. ಬೋಗುಣಿಯಲ್ಲಿ ಎಂದಿನಂತೆ ಅನ್ನ ಹರಡಿ ನಡುವೆ ಮೀನು, ತರಕಾರಿ ಪೇರಿಸಿದಳು. ಆಮೇಲೆ ಬ್ರೆಡ್ಡಂಗಡಿಗೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ, ಗಂಡನ ಬೆನ್ನ ಹಿಂದೆ ನಿಂತು ಕರೆದಳು.

"ಬನ್ನಿ, ಉಣ್ಣಿ."

ಹಾಗೆ ಕರೆದ ಮೇಲೆ ಒಲ್ಲೆ ಎನ್ನಲು ಬರುತ್ತದೆಯೇ? ಮಸಾಂಬಾ ಬ್ರೆಡ್ಡು ಅಲ್ಲೇ ಬಿಟ್ಟು ಎದ್ದ. ದಾರಿಯಲ್ಲಿ ಮದಿಕೆಯ ಮನೆ ಬಾಗಿಲಿಗೂ ಅವಳು ಅದನ್ನೇ ಕೂಗಿದಳು. ಮದಿಕೆ ಒಂದು ಚಪ್ಪಲಿಯಲ್ಲಿ ಓಡಿಬಂದ.

ಮಸಾಂಬಾ ತನ್ನ ಜಾಗಕ್ಕೆ ಬಂದು ಕೂತ. ಮದಿಕೆಯ ಅತ್ತೆಯನ್ನು ಸ್ವಲ್ಪ ಸರಿಸಬೇಕಾಯಿತು. ಯಾಂದೆ ಪಕ್ಕದಲ್ಲಿ ಕೂತು ಬಿಸ್ಮಿಲ್ಲಾ ಎಂದಳು. ಅವಳ ಕೈ ಎದ್ದಿತು. ಎಲೆಕೋಸು ಮುರಿದು ಅವನ ಮುಂದೆ. ಮರಗೆಣಸಲ್ಲ, ಗಜ್ಜರಿ ಅವನ ಮುಂದೆ. ಕೊಬ್ಬು ಬಿಡಿಸಿದ ಮೀನು ಅವನ ಮುಂದೆ. ಜಖಾತು, ಒಂದಲ್ಲ, ಎರಡು. ಹಾಗೆ ಎಸೆದ ಕೈ ವಾಪಸು ಬರುವಾಗ ಬರಿದಾಗಿ ಬರುತ್ತಿರಲಿಲ್ಲ. ಅವನ ಮುಂದಿನ ಅನ್ನವನ್ನು ಬಾಚಿಕೊಂಡು ಬರುತ್ತಿತ್ತು.

ಮಸಾಂಬಾ ನಲವತ್ತು ವರ್ಷ ತೂಕ ನೋಡಿದ ಮನುಷ್ಯ. ಲೆಕ್ಕ ಹಿಡಿಯಲು ಹೊತ್ತಾಗಲಿಲ್ಲ ಅವನಿಗೆ.

"ಯಾಂದೆ, ನನ್ನ ಕಡೆ ಅನ್ನ ಕಮ್ಮಿ ಆಗ್ತಾ ಇದೆ."

"ಮುಂದಿರೋದನ್ನ ತಿನ್ನಿ."

"ಎರಡನೇ ಜಖಾತು ಯಾಕೆ?"

"ಮೊದಲನೇದಕ್ಕೆ ಜೊತೆ ಬೇಡ್ವಾ? ಒಬ್ಬರೇ ಆಗಲ್ಲ ಅಂದ್ರಲ್ಲ ನೀವೇ!"

ಮದಿಕೆ ಬಾಯಿತುಂಬ ಅನ್ನ ಇಟ್ಟುಕೊಂಡು ನಕ್ಕು ನೆತ್ತಿಗೇರಿಸಿಕೊಂಡ. "ಸೆಕ್ ಸತ್ತ!" ಎಂದು ಮಸಾಂಬಾ ಅವನ ಬೆನ್ನಿಗೆ ರಪ್ಪನೆ ಗುದ್ದಿದ. "ಸಾಯೋದಾದ್ರೆ ನಿನ್ನ ಮನೇಲಿ ಸಾಯೋ, ಇಲ್ಲಿ ಜಾಗ ಕಮ್ಮಿ ಇದೆ!" ಹತ್ತು ದಿನದಿಂದ ಆ ಅಂಗಳದಲ್ಲಿ ಕೇಳಿರದ ಗಂಟಲು ಅದು. ಜಖಾತು ಎರಡೂ ಹೋದವು. ಮುಖ ಹಿಂಡಿಕೊಂಡೇ ಹೋದವು.

ದಿನಾ ಹೀಗೇ ನಡೆಯಿತು. ಬೇಲಿ ಹೋದ ಮೇಲೆ ಔಷಧಿಗೆಂದು ಬರುತ್ತಿದ್ದವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಸೊಂಟದ ಚಿತ್ರವನ್ನು ಅವಳು ಅಡುಗೆಗೆ ಮೊದಲು ಒಮ್ಮೆ ಬಿಡಿಸಿ ನೋಡಿಕೊಳ್ಳುತ್ತಿದ್ದಳು, ಅಷ್ಟೆ. ಬೋಗುಣಿಯಲ್ಲಿ ಬೇಲಿ ಇರಲಿಲ್ಲ, ಮಸಾಂಬಾನ ಮುಂದಿನ ಆ ಒಂದು ಗೇಣಿನಲ್ಲಿ ಮಾತ್ರ ಅರ್ಧ, ಕಾಲು, ಕಾಲು ತಾನಾಗಿ ಕೂಡುತ್ತಿತ್ತು. ಮಾತ್ರೆ ಅವಳೇ ನುಂಗಿಸಿದಳು. ಬ್ರೆಡ್ಡಂಗಡಿಯವನಿಗೆ ಏನು ಹೇಳಿದಳೋ ಗೊತ್ತಿಲ್ಲ, ಅವನು ಮಸಾಂಬಾನನ್ನು ಕಂಡರೆ ಚಾಕೊಲೇಟು ಡಬ್ಬಿಯ ಮೇಲೆ ಟವೆಲು ಹೊದಿಸುತ್ತಿದ್ದ.

ಇದ್ದಿಲ ಸುತ್ತಿನ ದಿನ ಗಂಡ ಹೆಂಡತಿ ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋದರು. ಬೆರಳಿಂದ ರಕ್ತ ಹೀರಿದ ಯಂತ್ರ ಸ್ವಲ್ಪ ಹೊತ್ತು ಯೋಚನೆ ಮಾಡಿತು. ಒಂದು ನಲವತ್ತೈದು.

"ಸದ್ಯಕ್ಕೆ ಸೂಜಿ ಬೇಡ," ಎಂದಳು ನರ್ಸು. ಮಸಾಂಬಾ ತನ್ನ ಎರಡು ಕಾಲುಗಳನ್ನೂ ಒಮ್ಮೆ ನೋಡಿಕೊಂಡ.

ಮದಾಮ್ ಸಾನ್ಯಾ ಜಗುಲಿಯಿಂದ ಎದ್ದು ಬಂದಳು. "ಭೇಷ್ ಅಜ್ಜ! ತಟ್ಟೆ ಅಭ್ಯಾಸ ಆಯ್ತಾ ಹಾಗಾದ್ರೆ?"

"ತಟ್ಟೆ ಗಿಟ್ಟೆ ಇಲ್ಲ. ಇವಳ ಕೈ."

ಯಾಂದೆ ನಾಚಿ ಮುಖ ತಿರುಗಿಸಿದಳು. ಮದಾಮ್ ಸಾನ್ಯಾ ಆ ಮುಖವನ್ನೇ ನೋಡುತ್ತ ಹತ್ತಿರ ಬಂದು, ಗಲ್ಲ ಹಿಡಿದು, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದಳು. ಒಳಗೆ ಕಾಗದದ ಹಾಗೆ ಬಿಳಿ.

"ಅಮ್ಮಾ, ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ?"

"ಬರುತ್ತೆ. ಎಲ್ಲರಿಗೂ ಬರಲ್ವಾ?"

"ಬರಲ್ಲ. ಎಲ್ಲರ ಮುಂದೆ ನೀವು ಹಾಕ್ತೀರಿ. ನಿಮ್ಮ ಮುಂದೆ ಯಾರು ಹಾಕ್ತಾರೆ?"

ಯಾಂದೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎಲ್ಲರಿಗೂ ಎಸೆದ ಮೇಲೆ ಮೀನಿನಲ್ಲಿ ಉಳಿಯುವುದು ಮುಳ್ಳು. ಅವಳ ಅಮ್ಮನಿಗೂ ಉಳಿಯುತ್ತಿದ್ದದ್ದು ಅದೇ. ನರ್ಸು ಕಬ್ಬಿಣದ ಮಾತ್ರೆ ಬರೆದುಕೊಟ್ಟಳು.

ಮನೆ ಮುಟ್ಟಿದಾಗ ಮಗೆತ್ ಅಡುಗೆ ಮುಗಿಸಿದ್ದಳು. ಬೋಗುಣಿ ಇಳಿಯಿತು. ಯಾಂದೆ ಮೀನಿಗೆ ಕೈ ಹಾಕುವ ಮೊದಲೇ ಇನ್ನೊಂದು ಕೈ ಬಂತು. ದೊಡ್ಡ ಕೈ, ಮೂಟೆ ಎತ್ತಿ ಎತ್ತಿ ಬೆರಳು ದಪ್ಪಗಾದದ್ದು. ಎಲ್ಲರ ಬಾಯಿ ಅರ್ಧಕ್ಕೇ ನಿಂತಿತು. ಗಂಡಸು ಬೋಗುಣಿಯ ನಡುವೆ ಕೈ ಹಾಕಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಮಸಾಂಬಾ ಮೀನಿನ ಹೊಟ್ಟೆಯ ಭಾಗದಿಂದ ಒಂದು ದೊಡ್ಡ ತುಂಡು ಕಿತ್ತ, ಗುರಿಯಿಟ್ಟ, ಹೆಂಡತಿಯ ಮುಂದಕ್ಕೆ ಎಸೆದ.

ಅಭ್ಯಾಸವಿಲ್ಲದ ಕೈ. ತುಂಡು ಯಾಂದೆಯನ್ನು ದಾಟಿ ಹಾರಿ ಗೋರಾನ ಮುಂದೆ ಬಿತ್ತು.

ನಿಯಮ ನಿಯಮವೇ. ಮುಂದೆ ಬಿದ್ದದ್ದು ಮುಂದಿದ್ದವನದು. ಗೋರಾ ಮೀನನ್ನು ನೋಡಿದ. ಅವನ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಆಮೇಲೆ, ದೇವರಾಣೆ, ನಾನು ಸುಳ್ಳು ಹೇಳುವುದಿಲ್ಲ, ಅವನು ಒಂದು ಬೆರಳಿನಿಂದ ಅದನ್ನು ಪಕ್ಕಕ್ಕೆ ತಳ್ಳಿದ. ಮೇಷ್ಟ್ರಿಗೆ ಏನೆಂದು ಕಾಣಲಿಲ್ಲ, ಆದರೂ ತಳ್ಳಿದರು. ಮದಿಕೆ ತಳ್ಳಿದ. ಮಕ್ಕಳು ಮೂವರೂ ತಳ್ಳಿದರು, ಕಿರಿಯವಳು ಬೆರಳು ನೆಕ್ಕಿಕೊಂಡಳು. ಮಗೆತ್ ತಳ್ಳಿದಳು. ಬೋಗುಣಿಯ ಅಂಚು ಹಿಡಿದು ಒಂದು ಸುತ್ತು ಹಾಕಿದ ಆ ತುಂಡು, ಅನ್ನ, ಎಲೆಕೋಸು ಎಲ್ಲ ಮೆತ್ತಿಕೊಂಡು, ಆಕಾರ ಕೆಟ್ಟು, ಕೊನೆಗೆ ಮಸಾಂಬಾನ ಮುಂದೆ ಬಂತು. ಅವನು ಅದನ್ನು ಯಾಂದೆಯ ಮುಂದಕ್ಕೆ ಸರಿಸಿದ.

"ಇದೇನ್ರೀ ಇದು, ನನಗ್ಯಾಕೆ..."

"ಮುಂದಿರೋದನ್ನ ತಿನ್ನು," ಎಂದ ಮಸಾಂಬಾ.

ಯಾಂದೆ ತಿಂದಳು. ಮುಳ್ಳು ಬಿಡಿಸಬೇಕೆಂದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ. ಒಂದೊಂದಾಗಿ ಬಾಯಿಂದ ತೆಗೆದು ಅಂಚಿನಲ್ಲಿಡುತ್ತ, ಪೂರ್ತಿ ತಿಂದಳು.